ನಾಮಂಜೂರಾದ ಗೌಂಡಿಗಳು

ಶಹಾಪುರ, ಸುರಪುರ, ಯಾದಗಿರಿ ಈ ಮೂರೂ ಊರುಗಳಲ್ಲಿ ನಮ್ಮ ಕಾಕಾನ ಕೈಯಲ್ಲಿ ಬೇಡವೆನ್ನಿಸಿಕೊಳ್ಳದ ಗೌಂಡಿ ಯಾರಾದರೂ ಇದ್ದರೆ, ಅವನು ಇನ್ನೂ ತಾಯಿಯ ಹೊಟ್ಟೆಯಲ್ಲೇ ಇದ್ದಾನೆಂದು ತಿಳಿಯಬೇಕು! ಹುಟ್ಟಿ, ಬೆಳೆದು, ಕರಣಿ ಹಿಡಿದು, ಕಲ್ಲಿನ ಮೇಲೆ ಕಲ್ಲಿಟ್ಟು ಗೋಡೆ ಎಬ್ಬಿಸಿದ ಪ್ರತಿಯೊಬ್ಬನನ್ನೂ ಅವರು ಹುಡುಕಿಕೊಂಡು ಹೋಗಿ ನೋಡಿದ್ದರು, ಮಾತಾಡಿಸಿದ್ದರು, ಕೊನೆಗೆ ಬೇಡವೆಂದಿದ್ದರು. ಈಗ ಮನೆ ಕಟ್ಟಿಸಲು ಹೊರಟ ಗೆಳೆಯರು ನನ್ನನ್ನು, "ಮಾಸ್ತರ, ಭರೋಸದ ಗುತ್ತೇದಾರ ಯಾರನ್ನರ ಹೇಳ್ರಿ" ಎಂದು ಕೇಳುತ್ತಾರೆ. ನಾನೇನು ಹೇಳಲಿ? ನನಗೆ ಗೊತ್ತಿರುವುದು ಬೇಡವಾದ ಗೌಂಡಿಗಳು ಮಾತ್ರ!

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಅಪ್ಪ ಕೊಂಕಲ್‌ನಲ್ಲಿ ಕುರಿ, ಹೊಲ ನೋಡಿಕೊಂಡು ಉಳಿದರು. ಕಾಕಾ ಉರ್ದು ಕಲಿತು ಶಹಾಪುರದ ಕಚೇರಿಯಲ್ಲಿ ಗುಮಾಸ್ತರಾದರು. ನಿಜಾಮರ ಆಳ್ವಿಕೆ ಮುಗಿದು, ನಮ್ಮ ಸೀಮೆ ಹಿಂದೂಸ್ತಾನದೊಳಗೆ ಸೇರಿ, ಶಾಲೆಗಳಲ್ಲಿ ಕನ್ನಡ ಶುರುವಾದ ಹೊಸತು. ನನಗೆ ಅಲ್ಲೇ ಕನ್ನಡ ಮಾಸ್ತರಿಕೆ ಸಿಕ್ಕಿತು. ಕಾಕಾನ ಮನೆಯಲ್ಲಿ ಉಂಡುಕೊಂಡಿದ್ದೆ. ಕಚೇರಿಯ ಕಾಗದಗಳೆಲ್ಲ ಇನ್ನು ಕನ್ನಡಕ್ಕೆ ಹೊರಳುತ್ತವಂತೆ ಎಂಬ ಸುದ್ದಿ ಕೇಳಿ ಗಾಬರಿಯಾದ ಕಾಕಾ ದಿನಾ ಸಂಜೆ ನನ್ನೆದುರು ಕೂತು ಅಕ್ಷರ ತಿದ್ದುತ್ತಿದ್ದರು.

"ನಾಮಂಜೂರ್ ಅನ್ನೂದಕ್ಕ ಕನ್ನಡದಾಗ ಏನಂತಾರಲೇ ಮಾಸ್ತರ?" ಎಂದು ಒಂದು ದಿನ ಕೇಳಿದರು.

"ತಿರಸ್ಕರಿಸಲಾಗಿದೆ."

"ಅಬ್ಬಬ್ಬ! ಇಷ್ಟುದ್ದ ಅನ್ನೂದ್ರಾಗ ಗೌಂಡಿ ಗ್ವಾಡಿ ಕಟ್ಟಿ ಮುಗಿಸಿ ಕೈ ತೊಳಕೊಂಡು ಹೋಗಿರ್ತಾನ!"

ಹಾಗಾಗಿ ಉಳಿದೆಲ್ಲ ಮಾತು ಕನ್ನಡವಾದರೂ ನಾಮಂಜೂರ್ ಮಾತ್ರ ನಮ್ಮ ಮನೆಯಲ್ಲಿ ನಾಮಂಜೂರ್ ಆಗಿಯೇ ಉಳಿಯಿತು.

ಇಷ್ಟೆಲ್ಲ ಗೌಂಡಿಗಳು ಯಾಕೆ ಬೇಕಿತ್ತು ಎನ್ನುತ್ತೀರಾ? ಮಹಲು ಕಟ್ಟಿಸಲಿಕ್ಕಲ್ಲ. ಚಿಗವ್ವನ, ಅಂದರೆ ಕಾಕಾನ ಹೆಂಡತಿಯ, ಅಡಿಗೆಮನೆಗೆ! ಪಡಸಾಲೆಯ ಹಿಂದೆ ಎದೆಯೆತ್ತರಕ್ಕೆ ಬಂದು ನಿಂತುಬಿಟ್ಟ ಕಲ್ಲುಗೋಡೆ, ಮೇಲೆ ಬಯಲು. ಒಲೆ ಇದ್ದದ್ದು ಪಡಸಾಲೆಯಲ್ಲಿ. ಹೊಗೆ ಹೊರಗೆ ಹೋಗಲು ದಾರಿ ಕಾಣದೆ ಮನೆಯವರ ಕಣ್ಣೊಳಗೇ ವಸ್ತಿ ಮಾಡುತ್ತಿತ್ತು. ಯಾರಾದರೂ ಹೊಸಬರು ಬಂದರೆ, ಎಲ್ಲರೂ ಕಣ್ಣೊರೆಸಿಕೊಳ್ಳುವುದನ್ನು ಕಂಡು ಮನೆಯಲ್ಲಿ ಯಾರೋ ಹೋಗಿಬಿಟ್ಟಿದ್ದಾರೆಂದು ತಾವೂ ಸೆರಗು ಬಾಯಿಗೆ ಹಚ್ಚುತ್ತಿದ್ದರು.

ಆ ಅರ್ಧ ಗೋಡೆ ಎಬ್ಬಿಸಿದವನು ಊರಿನವನೇ ಒಬ್ಬ ಉಸ್ತಾದ, ಎಡಗೈಯಲ್ಲಿ ಕಿರುಬೆರಳಿಲ್ಲದ ಹಿರಿಯ ಗೌಂಡಿ. ನಾನು ಶಹಾಪುರಕ್ಕೆ ಬರುವ ಮೊದಲಿನ ಮಾತು ಅದು. ಒಂದು ಸಂಜೆ ಕರಣಿ ತೊಳೆದಿಟ್ಟು ಕಾಕಾನಿಗೆ "ಕಲ್ ಆತೂಂ" ಎಂದು ಹೇಳಿ ಹೋದನಂತೆ. ನಾಳೆ ಬರುತ್ತೇನೆ ಎಂದು ಅದರರ್ಥ. ಆದರೆ ಚಿಗವ್ವನಿಗೆ ಉರ್ದು ಬರುತ್ತದೆಯೇ? ಅವಳಿಗೆ ಕೇಳಿಸಿದ್ದು ಅಚ್ಚ ಕನ್ನಡ. "ಕಲ್ ಆತು!" ಕಲ್ಲು ತೀರಿತು! ಪಾಪ, ಕಲ್ಲಿಲ್ಲದೆ ಕೆಲಸ ನಿಲ್ಲಬಾರದೆಂದು ಮರುದಿನ ಕಾಕಾ ಕಚೇರಿಗೆ ಹೋದದ್ದೇ ತಡ, ಗುಡ್ಡದ ಕಡೆಯಿಂದ ಗಾಡಿ ಹೇಳಿಸಿ ಅಂಗಳದ ತುಂಬ ಕಲ್ಲು ಇಳಿಸಿಬಿಟ್ಟಳು. ಸಂಜೆ ಬಂದ ಕಾಕಾನಿಗೆ ಒಳಗೆ ಹೋಗಲು ದಾರಿಯಿಲ್ಲ.

"ಏನಿದು?"

"ಉಸ್ತಾದ ಹೇಳಿ ಹೋದಾನಲ್ರಿ, ಕಲ್ ಆತು ಅಂತ!"

ಕಾಕಾ ತಲೆ ಚಚ್ಚಿಕೊಂಡು ಅರ್ಥ ಬಿಡಿಸಿ ಹೇಳಿದರು. ಕಲ್ ಅಂದರೆ ಉರ್ದುವಿನಲ್ಲಿ ನಾಳೆ.

"ಹಂಗಾರ ನಿನ್ನಿಗಿ ಏನಂತಾರ?" ಎಂದಳು ಚಿಗವ್ವ.

"ಅದಕ್ಕೂ ಕಲ್ ಅಂತಾರ."

"ಹಿಂದಿಂದೂ ಕಲ್, ಮುಂದಿಂದೂ ಕಲ್! ನಡುವ ನನ್ನ ಒಲಿ ಬಯಲಾಗ!"

ಕಲ್ಲು ಬಂತು, ಉಸ್ತಾದ ಬರಲಿಲ್ಲ. ಅದು ನಿಜಾಮರ ಆಳ್ವಿಕೆ ಮುಗಿದ ಗದ್ದಲದ ವರ್ಷ. ಮೊದಲು ಒಂದು ಗಾಳಿ ಬೀಸಿತು, ನಮ್ಮವರು ಹೊಳೆ ದಾಟಿ ಊರು ಬಿಟ್ಟು ಹೋಗಿ ಬಂದರು. ಆಮೇಲೆ ಗಾಳಿ ತಿರುಗಿತು, ಉಸ್ತಾದನಂಥ ಮುಸಲ್ಮಾನರು ಊರು ಬಿಟ್ಟರು. ಯಾರು ಎತ್ತ ಹೋದರೆಂದು ಕೇಳುವವರೂ ಇರಲಿಲ್ಲ, ಹೇಳುವವರೂ ಇರಲಿಲ್ಲ. ಕಲ್ಲಿನ ರಾಶಿ ಮಾತ್ರ ಅಂಗಳದಲ್ಲೇ ಉಳಿಯಿತು. ಮನೆಯ ಆಡುಗಳಿಗೆ ಅದೇ ಗುಡ್ಡ. ದಿನಾ ಬೆಳಿಗ್ಗೆ ಅವು ಅದರ ತುದಿಯಲ್ಲಿ ನಿಂತು ಊರು ನೋಡುತ್ತಿದ್ದವು.

ಹೀಗೇ ನಡೆದಿದ್ದರೆ ಚಿಗವ್ವ ಇನ್ನೂ ಕೆಲವು ವರ್ಷ ಹೊಗೆ ಕುಡಿಯುತ್ತಿದ್ದಳೋ ಏನೋ. ಆದರೆ ಯಾದಗಿರಿಗೆ ಕೊಟ್ಟ ಒಬ್ಬಳೇ ಮಗಳು ಬಸಿರಾದಳು. ಸೀಮಂತದ ಕುಬಸ ಆಯಿತು. ಮಳೆ ಹಿಡಿಯುವ ಹೊತ್ತಿಗೆ ಚೊಚ್ಚಲ ಬಾಣಂತನಕ್ಕೆ ತವರಿಗೆ ಬರುವವಳಿದ್ದಳು.

"ಬಾಣಂತಿ, ಹಸಿಗೂಸು ಈ ಹೊಗ್ಯಾಗ ಮಲಗಬೇಕೇನ್ರಿ?" ಚಿಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು. "ಮಳಿ ಬರೂದ್ರಾಗ ನನ್ನ ಒಲಿ ಒಳಗ ಹೋಗಬೇಕು. ಇಲ್ಲಂದ್ರ ಮಗಳನ್ನ ಕರಸೂದಿಲ್ಲ, ನಾನs ಅಕಿ ಮನಿಗಿ ಹೋಗ್ತೀನಿ. ನೀವ ಇಲ್ಲೇ ಗೌಂಡಿಗೋಳ ಕೂಡ ಬಾಣಂತನ ಮಾಡಿಕೊಂಡು ಕೂಡ್ರಿ!"

"ಆಗ್ತದ, ಆಗ್ತದ. ಆದ್ರ ಭರೋಸದ ಮನಷ್ಯಾ ಸಿಗಬೇಕಲ್ಲ?" ಎಂದರು ಕಾಕಾ.

ಆ ಭರೋಸದ ಮನುಷ್ಯನ ಬೇಟೆಗೆ ನಾನು ಜೊತೆಗಾರ. ರಜೆ ಬಂದರೆ ಸಾಕು, ಕಾಕಾ ಕರಿ ಕೋಟು ತೊಟ್ಟು, ಅದರ ಜೇಬಿಗೊಂದು ಹಿತ್ತಾಳೆ ಗುಂಡು ಇಳಿಸಿ ತಯಾರಾಗುತ್ತಿದ್ದರು. ಗೋಡೆ ನೆಟ್ಟಗಿದೆಯೋ ವಾಲಿದೆಯೋ ಎಂದು ನೋಡಲು ಗೌಂಡಿಗಳು ದಾರ ಕಟ್ಟಿ ಇಳಿಬಿಡುತ್ತಾರಲ್ಲ, ಅದೇ ಗುಂಡು. ಎಲ್ಲರ ಜೇಬಿನಲ್ಲಿ ಅಡಕೆ ಚೀಲವಿದ್ದರೆ ಇವರ ಜೇಬಿನಲ್ಲಿ ಗುಂಡು! ಅದರ ಭಾರಕ್ಕೆ ಕೋಟು ಒಂದು ಕಡೆ ಜಗ್ಗಿ, ಎಲ್ಲರ ಗೋಡೆ ನೆಟ್ಟಗಿದೆಯೇ ಎಂದು ನೋಡುವ ಕಾಕಾ ತಾವೇ ವಾರೆಯಾಗಿ ನಡೆಯುತ್ತಿದ್ದರು.

ಗೌಂಡಿಯನ್ನು ನೋಡುವುದಕ್ಕಿಂತ ಮೊದಲು ಅವನು ಕಟ್ಟಿದ ಗೋಡೆ ನೋಡಬೇಕೆಂಬುದು ಅವರ ಕಾನೂನು. ಗೋಡೆ ಬೇರೆಯವರ ಮನೆಯಲ್ಲಿರುತ್ತದೆ ಎಂಬುದು ಅವರಿಗೆ ದೊಡ್ಡ ಮಾತಲ್ಲ. ಯಾದಗಿರಿಯಲ್ಲಿ ಸ್ಟೇಷನ್ನಿನ ಹತ್ತಿರ ಒಬ್ಬ ಅಡತಿ ಸಾಹುಕಾರರು ಹೊಸ ಮನೆ ಕಟ್ಟಿಸಿದ್ದರು. ನಾವು ಹೋದ ದಿನವೇ ಅದರ ವಾಸ್ತುಶಾಂತಿ. ಕರೆಯದಿದ್ದರೂ ಹೋಗಿ ಪಂಕ್ತಿಯಲ್ಲಿ ಕೂತೆವು. ಆ ತುದಿಯಿಂದ ಹೋಳಿಗೆ ಬಡಿಸುತ್ತ ಬರುತ್ತಿದ್ದರು, ತುಪ್ಪದ ವಾಸನೆ ಮುಂದೆ ಮುಂದೆ ಬರುತ್ತಿತ್ತು. ಅಷ್ಟರಲ್ಲಿ ಕಾಕಾ ಎದ್ದರು. ಸಾಹುಕಾರರ ತಲೆಯ ಮೇಲಿನ ಗೋಡೆಗೆ ಹಿಡಿದು ಗುಂಡು ಇಳಿಬಿಟ್ಟರು!

"ಯಜಮಾನ್ರ, ಗ್ವಾಡಿ ಎರಡು ಬೆರಳು ವಾಲ್ಯಾದ್ರಿ."

ಸಾಹುಕಾರರು ಗುಂಡನ್ನು ನೋಡಿದರು, ಗೋಡೆಯನ್ನು ನೋಡಿದರು, ಆಮೇಲೆ ಹೊಸ ರುಮಾಲು ಸುತ್ತಿಸಿಕೊಂಡು ಮೊದಲ ಎಲೆಗೆ ಕೂತಿದ್ದ ಗೌಂಡಿಯನ್ನು ನೋಡಿದರು.

"ಏನೋ ಇದು?"

"ಗ್ವಾಡಿ ನೆಟ್ಟಗs ಅದರಿ ಸಾಹುಕಾರ್ರ," ಗೌಂಡಿ ಎದ್ದು ನಿಂತ, "ಇವ್ರ ದಾರ ವಾಲ್ಯಾದ!"

ಆಮೇಲಿನ ಗದ್ದಲ ನಾನು ಬರೆಯುವುದಿಲ್ಲ. ಹೋಳಿಗೆ ನನ್ನ ಎಲೆಗೆ ಬರಲು ಇಬ್ಬರೇ ಬಾಕಿ ಉಳಿದಿದ್ದರು ಎಂಬುದೊಂದನ್ನು ಮಾತ್ರ ಬರೆಯುತ್ತೇನೆ, ಯಾಕೆಂದರೆ ಅದು ಇವತ್ತಿಗೂ ನನ್ನ ಹೊಟ್ಟೆಯನ್ನು ಉರಿಸುತ್ತದೆ. ನಮ್ಮನ್ನೂ ಗೌಂಡಿಯನ್ನೂ ಒಂದೇ ಬಾಗಿಲಿನಿಂದ ಹೊರಗೆ ಕಳಿಸಿದರು. ನಾನು ಓಡೋಣವೆಂದರೆ ಕಾಕಾ ಓಡುವವರಲ್ಲ. ರುಮಾಲು ಬಿಚ್ಚಿಕೊಳ್ಳುತ್ತಿದ್ದ ಆ ಗೌಂಡಿಯ ಹೆಗಲ ಮೇಲೆ ಕೈಹಾಕಿ ಬೇವಿನ ಗಿಡದ ಕೆಳಗೆ ಕರೆದುಕೊಂಡು ಹೋದರು. ಬೀಡಿ ಕೊಟ್ಟರು. ಕಿವಿಯ ಹತ್ತಿರ ಏನೋ ಕೇಳಿದರು. ಅವನು ಬೀಡಿ ಸೇದುತ್ತ ಇಲ್ಲವೆಂದು ತಲೆ ಅಲ್ಲಾಡಿಸಿದ.

"ಏನ್ ಮಾತಾಡಿದ್ರಿ ಕಾಕಾ?"

"ಏನಿಲ್ಲ. ನಾಮಂಜೂರ್ ಅಂತ ಸಮಾಧಾನದಿಂದ ತಿಳಿಸಿ ಹೇಳಿದೆ."

ಬೇಡವೆಂದ ಪ್ರತಿಯೊಬ್ಬನನ್ನೂ ಕಾಕಾ ಹೀಗೆ ಬದಿಗೆ ಕರೆದುಕೊಂಡು ಹೋಗುತ್ತಿದ್ದರು. ಎಷ್ಟು ಮೃದು ಮನಸ್ಸು ಎಂದುಕೊಂಡೆ ನಾನು.

ಸುರಪುರದಿಂದ ಒಬ್ಬನನ್ನು ಮನೆಗೇ ಕರೆಸಿದರು. ಅರಸರ ವಾಡೆಗಳ ಗೋಡೆ ದುರಸ್ತಿ ಮಾಡಿದ ಮನೆತನದವನು. ಗುಂಡಿನ ಪರೀಕ್ಷೆಯಲ್ಲಿ ಅವನ ಗೋಡೆಗಳು ಕೂದಲೆಳೆಯಷ್ಟೂ ವಾಲಿರಲಿಲ್ಲ. ಚಿಗವ್ವನ ಮುಖ ಅರಳಿತು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಎಲ್ಲ ಮಾಡಿ ಬಡಿಸಿದಳು. ಅವಳಿಗೇನು ಗೊತ್ತು, ಎರಡನೆಯ ಪರೀಕ್ಷೆ ಆ ತಾಟಿನಲ್ಲೇ ಇದೆಯೆಂದು! ಕಾಕಾ ಎದುರಿಗೆ ಕೂತು ಅವನ ಕೈಯನ್ನೇ ನೋಡುತ್ತಿದ್ದರು. ಅವನು ಪಾಪ ಹಸಿದಿದ್ದ. ಪಲ್ಯ ಹಾಕಿಸಿಕೊಂಡು ಅದರ ಮೇಲೆ ರೊಟ್ಟಿ ಮುಚ್ಚಿದ.

"ನಾಮಂಜೂರ್!"

"ಯಾಕ್ರೀ?" ಎಂದಳು ಚಿಗವ್ವ.

"ನೋಡು, ಮೊದಲ ಛತ್ತು ಹಾಕ್ಯಾನ. ಈಗ ಕೆಳಗ ಕೈ ಹಾಕಿ ಬುನಾದಿ ಹುಡುಕಾಕತ್ತಾನ!"

"ಅಲ್ರೀ, ಅಂವ ಉಣ್ಣಾಕತ್ತಾನೋ, ಮನಿ ಕಟ್ಟಾಕತ್ತಾನೋ?"

ಗೌಂಡಿ ತುತ್ತು ಅರ್ಧಕ್ಕೆ ಹಿಡಿದು, "ಸಾಹೇಬ್ರ, ನಂದೇನ್ ತಪ್ಪಾತ್ರಿ?" ಎಂದ.

"ತಪ್ಪೇನಿಲ್ಲಪ್ಪ, ನೀ ಉಣ್ಣು. ಇನ್ನೊಂದು ರೊಟ್ಟಿ ಹಾಕಸ್ಕೋ," ಎಂದರು ಕಾಕಾ ಬಹಳ ಪ್ರೀತಿಯಿಂದ. ಊಟವಾದ ಮೇಲೆ ಅವನನ್ನೂ ಬದಿಗೆ ಕರೆದರು, ಅವನೂ ತಲೆ ಅಲ್ಲಾಡಿಸಿ ಹೋದ.

ಚಿಗವ್ವ ಅವನ ತಾಟು ಎತ್ತುತ್ತ ನನ್ನ ಕಡೆ ತಿರುಗಿ ಅಂದಳು: "ನಿಮ್ಮ ಕಾಕಾ ನನ್ನ ನೋಡಾಕ ಬಂದ ದಿನ ನಾ ಹ್ಯಾಂಗ ಉಂಡಿದ್ನೋ ಏನೋ! ಆವತ್ತು ನಾಮಂಜೂರ್ ಅಂದಿದ್ರ ಈ ಹೊಗಿ ತಪ್ತಿತ್ತು."

ಈ ಎರಡನ್ನೂ ದಾಟಿ ಬಂದವನಿಗೆ ಮೂರನೆಯ ಪರೀಕ್ಷೆ. "ಯಾವಾಗ ಶುರು ಮಾಡ್ತಿ?" ಎಂದು ಕೇಳುವುದು. "ಕಲ್" ಅಂದನೋ, ಮುಗಿಯಿತು! ನಮ್ಮ ಸೀಮೆಯ ಗೌಂಡಿಗೆ ಬೇರೆ ಯಾವ ಮಾತು ಬರುತ್ತದೆ ಹೇಳಿ? ಎಲ್ಲರೂ ಕಲ್ ಅನ್ನುವವರೇ. ನಾನು ತಡೆಯಲಾರದೆ, ಇಷ್ಟಕ್ಕೆಲ್ಲ ಒಳ್ಳೆ ಕೆಲಸಗಾರರನ್ನು ಬಿಟ್ಟರೆ ಹೇಗೆ ಎಂದೆ.

"ಒಬ್ಬಾಂವ ಕಲ್ ಅಂದಾನ. ಅದs ಇನ್ನೂ ಮುಗದಿಲ್ಲ. ಇನ್ನೊಬ್ಬರ ಕಲ್ ತಗೊಂಡು ನಾ ಏನ್ ಮಾಡ್ಲಿ?" ಎಂದರು. ನಾನು ಅದನ್ನು ಸಿಟ್ಟೆಂದು ತಿಳಿದೆ.

ಸೈದಾಪುರದಲ್ಲೊಬ್ಬನಿದ್ದಾನೆಂದು ಕೇಳಿ ಯಾದಗಿರಿಯಿಂದ ರೈಲು ಹತ್ತಿದೆವು. ಅವನು ರೈಲ್ವೆಯವರ ಮನೆ ಕಟ್ಟಿದವನು, ಮಾತು ತೆಲುಗು. ಗೋಡೆಯಲ್ಲಿ ಗೆದ್ದ, ಊಟದಲ್ಲಿ ಗೆದ್ದ. ಯಾವಾಗ ಶುರು ಮಾಡುತ್ತಿ ಎಂದದ್ದಕ್ಕೆ, "ರೇಪು" ಎಂದ. ಕಾಕಾನ ಹುಬ್ಬು ಮೇಲೇರಿತು. ಮೊಟ್ಟಮೊದಲ ಬಾರಿಗೆ ಒಬ್ಬ ಗೌಂಡಿ ಕಲ್ ಅಂದಿರಲಿಲ್ಲ! ಭಲೇ ಎಂದು ಅವನ ಬೆನ್ನು ತಟ್ಟಿ, "ರೇಪು ಅಂದ್ರ ಏನಲೇ ಮಾಸ್ತರ?" ಎಂದು ನನ್ನನ್ನು ಕೇಳಿದರು. ಸುಳ್ಳು ಹೇಳಬಹುದಿತ್ತು. ಆದರೆ ಮಾಸ್ತರನ ಬಾಯಿ ನೋಡಿ, ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟುಬಿಡುತ್ತದೆ.

"ನಾಳಿ ಅಂತ, ಕಾಕಾ."

"ಅರೆ! ಅದs ಕಲ್ಲು, ಅಂಗಿ ಬ್ಯಾರೆ ಹಾಕ್ಕೊಂಡು ಬಂದದ! ನಾಮಂಜೂರ್!"

ತಿಂಥಣಿಯಲ್ಲಿ ಇನ್ನೊಬ್ಬನನ್ನು ನೋಡಲು ಹೋದಾಗ ಮೌನೇಶ್ವರನ ಗುಡಿಗೂ ಹೋದೆವು. ಕಾಕಾ ಕಣ್ಣು ಮುಚ್ಚಿ ನಿಂತವರು ಎಷ್ಟು ಹೊತ್ತಾದರೂ ತೆರೆಯಲೊಲ್ಲರು. ಹೊರಗೆ ಬಂದ ಮೇಲೆ, ಏನು ಬೇಡಿಕೊಂಡಿರಿ ಎಂದೆ.

"ಒಬ್ಬ ಗೌಂಡಿ," ಎಂದರು.

ದೇವರ ಹತ್ತಿರ ಹೋಗಿ ಗೌಂಡಿಯನ್ನು ಬೇಡಿಕೊಂಡ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಹೊಳೆಯ ದಂಡೆಯವರೆಗೂ ನಕ್ಕೆ. ಅವರು ನಗಲಿಲ್ಲ. ಆ ತಿಂಥಣಿಯ ಗೌಂಡಿಯೂ ನಾಮಂಜೂರ್ ಆದ, ಬೀಡಿ ಸೇದಿ ತಲೆ ಅಲ್ಲಾಡಿಸಿದ.

ಕೊನೆಗೆ ಕಾಕಾನ ಪರೀಕ್ಷೆಗೇ ಪರೀಕ್ಷೆಯಾಗಿ ಒಬ್ಬ ಬಂದ. ಯಾರೂ ಕರೆದಿರಲಿಲ್ಲ. ಕೆಲಸವಿದೆಯೆಂದು ಕೇಳಿ, ಕರಣಿ ಸುತ್ತಿಗೆ ಹೆಗಲಿಗೇರಿಸಿ ತಾನೇ ಬಾಗಿಲಿಗೆ ಬಂದಿದ್ದ. ಅವನು ಊರೊಳಗೆ ಕಟ್ಟಿದ ಗೋಡೆ ನೆಟ್ಟಗಿತ್ತು. ರೊಟ್ಟಿಯನ್ನು ಬುನಾದಿಯಿಂದಲೇ ಉಂಡ. ಯಾವಾಗ ಶುರು ಮಾಡುತ್ತಿ ಎಂದರೆ, ತೋಳು ಮಡಚಿಕೊಂಡು ಎದ್ದು ನಿಂತ.

"ಈಗಿಂದೀಗs ಶುರು ಮಾಡ್ತೀನ್ರಿ."

ನಾನು ಚಿಗವ್ವನ ಮುಖ ನೋಡಿದೆ, ಚಿಗವ್ವ ನನ್ನ ಮುಖ ನೋಡಿದಳು. ಕಾಕಾ ಎದ್ದು ಅಂಗಳಕ್ಕೆ ಹೋದರು. ಕಲ್ಲಿನ ರಾಶಿಯನ್ನು ಒಂದು ಸುತ್ತು ಹಾಕಿದರು. ಅದರ ಮೇಲಿದ್ದ ಆಡು ಅವರನ್ನೇ ನೋಡಿತು. ಇನ್ನು ಬೇಡ ಅನ್ನಲು ಏನುಳಿದಿದೆ? ತಿರುಗಿ ಬಂದರು, ಗಂಟಲು ಸರಿಮಾಡಿಕೊಂಡರು.

"ಇಷ್ಟು ಪುರುಸೊತ್ತು ಅದಾನ ಅಂದ್ರ, ಇವಗ ಯಾರೂ ಕೆಲಸ ಕೊಟ್ಟಿಲ್ಲ. ನಾಮಂಜೂರ್!"

ಚಿಗವ್ವ ಅವನ ತಾಟು ಎತ್ತಿಕೊಂಡು ಒಳಗೆ ಹೋದಳು. ಬೈಯದೆ ಹೋದದ್ದೇ ನನಗೆ ಹೆದರಿಕೆ ಹುಟ್ಟಿಸಿತು.

ಮರುದಿನ ಕಾಕಾ ಕಚೇರಿಗೆ ಹೋದ ಕೂಡಲೇ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಲೇ ಮಾಸ್ತರ, ಇವತ್ತ ಸಾಲಿ ಸೂಟಿ ಅದ ಹೌದಿಲ್ಲೋ? ಮಣ್ಣು ತುಳಿ," ಎಂದಳು. ಮಣ್ಣು ತುಳಿದೆ. ಅವಳು ಆಡನ್ನು ಓಡಿಸಿ, ರಾಶಿಯಿಂದ ಒಂದು ಕಲ್ಲು ಹೊತ್ತು ತಂದು ಆ ಅರ್ಧ ಗೋಡೆಯ ಮೇಲಿಟ್ಟಳು. ಅದು ಕೂಡಲಿಲ್ಲ. ತಿರುಗಿಸಿ ಇಟ್ಟಳು. ಹೇಗಿಟ್ಟರೂ ಅಲ್ಲಾಡುತ್ತಿತ್ತು. ರೊಟ್ಟಿ ಬಡಿದ ಹಾಗೆ ಅದರ ಮೇಲೆ ಎರಡು ಬಡಿದಳು. ಅಷ್ಟರಲ್ಲಿ, ಮರೆತುಹೋದ ಕನ್ನಡಕ ಒಯ್ಯಲೆಂದು ಕಾಕಾ ಹಿಂದಕ್ಕೆ ಬಂದರು.

"ಏ! ಆ ಗ್ವಾಡಿಗಿ ಕೈ ಹಚ್ಚಬ್ಯಾಡ!"

ಅಷ್ಟು ದೊಡ್ಡ ದನಿ ಅವರಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. ಆಡುಗಳೂ ಕಿವಿ ನಿಮಿರಿಸಿದವು.

ಚಿಗವ್ವ ಮಣ್ಣಿನ ಕೈಯನ್ನು ಸೊಂಟದ ಮೇಲಿಟ್ಟು ತಿರುಗಿದಳು. "ಯಾಕ ಹಚ್ಚಬಾರದು? ಗೌಂಡಿ ಹಚ್ಚಿದ್ರ ನಾಮಂಜೂರ್, ನಾ ಹಚ್ಚಿದ್ರ ನಾಮಂಜೂರ್. ನಿಮಗ ಮಂಜೂರ್ ಆಗಾಂವ ಎಲ್ಲಿ ಅದಾನ ಹೇಳ್ರಿ, ಕಾಲು ಹಿಡಿದು ಕರಕೊಂಡು ಬರ್ತೀನಿ!"

"ಅದ ಗೊತ್ತಿದ್ರ ನಾ ಇಷ್ಟೂರು ಯಾಕ ತಿರಗ್ತಿದ್ದೆ?" ಎಂದರು ಕಾಕಾ. ಜೇಬಿನಿಂದ ಹಿತ್ತಾಳೆ ಗುಂಡು ತೆಗೆದು ಅಂಗೈಯಲ್ಲಿಟ್ಟುಕೊಂಡರು. "ಇದು ಯಾರದ್ದು ಅಂತ ತಿಳಕೊಂಡಿ? ಉಸ್ತಾದಂದು. ಆವತ್ತು ಆ ಗೂಟಕ್ಕ ಹಾಕಿ, ಕಲ್ ಆತೂಂ ಅಂತ ಹೋದ. ಕೆಲಸ ಬಿಟ್ಟು ಹೋಗಾಂವ ಗುಂಡು ಬಿಟ್ಟು ಹೋಗೂದಿಲ್ಲ. ನಾಳಿ ಬರಾವ್ನs ಬಿಟ್ಟು ಹೋಗ್ತಾನ. ಇದು ಗೌಂಡಿಗೋಳ ರೀತಿ. ಅಂವ ಗ್ವಾಡಿ ಬಿಟ್ಟಿಲ್ಲ."

ಕಾಕಾ ಗುಂಡನ್ನು ಮುಷ್ಟಿಯಲ್ಲಿ ಹಿಡಿದು ಪಡಸಾಲೆಯ ಕಡೆ ತೋರಿಸಿದರು.

"ನಿನ್ನ, ಮಗಳನ್ನ ಕರಕೊಂಡು ನಾ ಹೊಳಿ ದಾಟಿದಾಗ ಈ ಪಡಸಾಲ್ಯಾಗ ಯಾರು ಮಲಗ್ತಿದ್ರು? ಲೂಟಿಗಿ ಬಂದವರಿಗೆಲ್ಲ, ಇದು ನನ್ನ ಮನಿ, ಮುಂದ ಹೋಗ್ರಿ ಅಂತ ಯಾರು ಅಂದ್ರು? ಆಮ್ಯಾಲ ಗಾಳಿ ತಿರಗಿತು. ನಮ್ಮ ಮನ್ಯಾಗs ಇರು ಉಸ್ತಾದ ಅಂತ ಅಂದೆ. ನಿಮಗ್ಯಾಕ ತ್ರಾಸು ಅಂದ್ಕೊಂಡನೋ ಏನೋ, ಕಲ್ ಆತೂಂ ಅಂದ. ಅಂವ ನಮ್ಮ ಮನಿ ಕಾದ. ನಾ ಒಂದು ಗ್ವಾಡಿ ಕಾಯಬಾರದೇನು?"

ನನಗೆ ಆಗ ಹೊಳೆಯಿತು. ಆ ಬೀಡಿ, ಹೆಗಲ ಮೇಲಿನ ಕೈ, ಕಿವಿಯಲ್ಲಿ ಪಿಸುಮಾತು, ತಲೆ ಅಲ್ಲಾಡಿಸುವ ಗೌಂಡಿಗಳು. ಕಾಕಾ ಒಬ್ಬ ಗೌಂಡಿಯನ್ನೂ ಸಮಾಧಾನ ಮಾಡಿರಲಿಲ್ಲ! ಎಡಗೈಯಲ್ಲಿ ಕಿರುಬೆರಳಿಲ್ಲದ ಒಬ್ಬ ಉಸ್ತಾದನನ್ನು ಎಲ್ಲಾದರೂ ಕಂಡೆಯಾ ಎಂದು ಒಬ್ಬೊಬ್ಬರನ್ನೂ ಕೇಳುತ್ತಿದ್ದರು. ತಿಂಥಣಿಯ ದೇವರನ್ನೂ ಅದನ್ನೇ ಕೇಳಿದ್ದರು. ನಾನು ಹೊಳೆಯ ದಂಡೆಯವರೆಗೂ ನಕ್ಕಿದ್ದೆ!

ಚಿಗವ್ವ ಗೋಡೆಯ ಮೇಲೆ ಅಲ್ಲಾಡುತ್ತಿದ್ದ ಕಲ್ಲನ್ನು ಎರಡೂ ಕೈಯಿಂದ ಎತ್ತಿ ಕೆಳಗಿಟ್ಟಳು. ಕಣ್ಣೊರೆಸಿಕೊಂಡಳು. ಆವತ್ತು ಒಲೆ ಹೊತ್ತಿರಲಿಲ್ಲ. ಆಮೇಲೆ ಗಂಡನನ್ನು ಬೈದಳು.

"ಗೌಂಡಿಗೋಳನ್ನ ಕೇಳಿದ್ರ ಏನ್ ಗೊತ್ತಾಗ್ತದ? ಮನಿ ಮನಿ ಒಳಗ ಹೋಗಾಕಿ ಬಳಿಗಾರ್ತಿ. ನನಗೊಂದು ಮಾತು ಹೇಳಿದ್ರ ನಿಮ್ಮ ಬಾಯಿ ಸವೀತಿತ್ತೇನು?"

ಕಾಕಾ ಊರೂರು ತಿರುಗಿ ಮಾಡಲಾಗದ್ದನ್ನು ಚಿಗವ್ವ ಕಟ್ಟೆಯ ಮೇಲೆ ಕೂತು ಬಳೆ ಇಡಿಸಿಕೊಳ್ಳುತ್ತ ಮಾಡಿದಳು. ಬಳೆಗಾರ್ತಿ ಇನ್ನೊಬ್ಬ ಬಳೆಗಾರ್ತಿಗೆ ಹೇಳಿದಳು, ಅವಳು ಮತ್ತೊಬ್ಬಳಿಗೆ. ಉಸ್ತಾದ ಸೈದಾಪುರದ ಹತ್ತಿರ ಮಗಳ ಮನೆಯಲ್ಲಿದ್ದ. ನಾವು ಆ ರೇಪು ಎಂದವನನ್ನು ನೋಡಲು ಹೋದೆವಲ್ಲ, ಅಲ್ಲಿಂದ ಕೂಗಳತೆಯಲ್ಲಿ! ಕಣ್ಣಿಗೆ ಪೊರೆ ಬಂದು ಕರಣಿ ಬಿಟ್ಟಿದ್ದ, ಹಗ್ಗ ಹೊಸೆಯುತ್ತಿದ್ದ. ಗೌಂಡಿಗಳಿಗೆ ಅವನ ಸುದ್ದಿ ಹೇಗೆ ಗೊತ್ತಾಗಬೇಕು? ಚಿಗವ್ವ ಬಳೆಗಾರ್ತಿಯ ಬಾಯಲ್ಲಿ ಹೇಳಿ ಕಳಿಸಿದ್ದು ಇಷ್ಟೇ: "ಕಲ್ ಆಗಿಲ್ಲ, ಅಂಗಳದ ತುಂಬ ಅದಾವ, ಬರಬೇಕಂತ ಅನ್ನು."

ಬಂದ. ಗಡ್ಡ ಬೆಳ್ಳಗಾದ ಮುದುಕ, ಕೈಯಲ್ಲಿ ಕೋಲು, ಬಗಲಲ್ಲಿ ಬಟ್ಟೆಯ ಗಂಟು. ಬಾಗಿಲಲ್ಲಿ ನಿಂತು, "ಅವ್ವಾ, ಕಲ್ ಬರ್ತೀನಿ ಅಂದಿದ್ದೆ. ಜರಾ ತಡ ಆತು," ಎಂದ. ಕಾಕಾ ಎದ್ದು ಬಂದರು. ಗುಂಡು ತೆಗೆದು ಅವನ ಕೈಗೆ ಕೊಟ್ಟರು. ಅವನು ಅದನ್ನು ಬೆರಳಿನಿಂದ ಸವರಿ ಸವರಿ ನೋಡಿದ.

ಮರುದಿನವೇ ಕೆಲಸ ಹಿಡಿದ. ನಾನು ಮಣ್ಣು ತುಳಿದೆ, ಚಿಗವ್ವ ನೀರು ತಂದಳು, ಕಚೇರಿಗೆ ರಜೆ ಹಾಕಿದ ಕಾಕಾ ಕಲ್ಲು ಎತ್ತಿಕೊಟ್ಟರು. ಉಸ್ತಾದ ನಮ್ಮ ಪಡಸಾಲೆಯಲ್ಲೇ ಮಲಗುತ್ತಿದ್ದ. ಅವನು ಗುಂಡು ಇಳಿಬಿಡುತ್ತಿದ್ದ, ಆದರೆ ದಾರ ಎಲ್ಲಿದೆ, ಗೋಡೆ ಎಲ್ಲಿದೆ, ಅವನ ಕಣ್ಣಿಗೆ ಕಂಡರಲ್ಲವೇ? ಕೆಳಗಿನ ಹಳೆಯ ಅರ್ಧ ಒನಕೆಯ ಹಾಗೆ ನೆಟ್ಟಗಿತ್ತು. ಮೇಲಿನ ಹೊಸ ಅರ್ಧ ನಿಧಾನವಾಗಿ ಒಳಗೆ ವಾಲುತ್ತ ಬಂತು. ನಾನು ಕಾಕಾನ ಮುಖ ನೋಡುತ್ತಿದ್ದೆ. ಮೂರು ಊರುಗಳ ಗೋಡೆಗಳಲ್ಲಿ ಎರಡು ಬೆರಳು ಹುಡುಕಿದ ಮನುಷ್ಯ, ಕಣ್ಣೆದುರಿಗೆ ನಾಲ್ಕು ಬೆರಳು ವಾಲಿದರೂ ಕಲ್ಲು ಕೊಡುತ್ತಲೇ ಇದ್ದರು!

ಪಕ್ಕದ ಮನೆಯವನೊಬ್ಬ ಹಣಕಿ, "ಗ್ವಾಡಿ ವಾಲ್ಯಾದಲ್ರಿ ಸಾಹೇಬ್ರ!" ಎಂದ.

"ನೀ ವಾರಿ ನಿಂತೀದಿ. ನೆಟ್ಟಗ ನಿಂತು ನೋಡು!" ಎಂದರು ಕಾಕಾ.

ಕೊನೆಯ ಕಲ್ಲು ಕೂತ ಸಂಜೆ ಉಸ್ತಾದ ಗೋಡೆಗೆ ಅಂಗೈ ಹಚ್ಚಿ, "ನೆಟ್ಟಗ ಬಂತೇನ್ರಿ?" ಎಂದು ಕೇಳಿದ. ಚಿಗವ್ವ ಉಮೇದಿನಿಂದ ಆಗಲೇ ಆ ಗೋಡೆಯ ಗೂಟಕ್ಕೆ ಒಂದು ಸೌಟು ತೂಗುಹಾಕಿದ್ದಳು. ಅದು ಗೋಡೆಗೆ ತಾಗದೆ, ಬೇರೊಂದು ಗುಂಡಿನ ಹಾಗೆ ದೂರ ನಿಂತು ಸಾಕ್ಷಿ ಹೇಳುತ್ತಿತ್ತು. ಅವಳು ಸದ್ದಾಗದ ಹಾಗೆ ಸೌಟು ತೆಗೆದು ಸೆರಗಿನಲ್ಲಿ ಮುಚ್ಚಿಕೊಂಡಳು.

"ಮಂಜೂರ್!" ಎಂದರು ಕಾಕಾ. ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಆಮೇಲೆ ನನ್ನ ಕಡೆ ತಿರುಗಿ, "ಇದಕ್ಕ ಕನ್ನಡದಾಗ ಏನಂತಾರಲೇ?" ಎಂದರು.

"ಒಪ್ಪಿಗೆ."

"ಹಾಂ, ಇದು ಸಣ್ಣದದ. ಛಲೋ ಅದ."

ಇನ್ನು ಛತ್ತು ಹೊದಿಸುವುದೊಂದು ಬಾಕಿ. ಮಗಳು ಬರುವ ವಾರ ಅದು, ಗುಡ್ಡದ ಮೇಲೆ ಮೋಡ ಕಟ್ಟುತ್ತಿತ್ತು. ಉಸ್ತಾದ ಕರಣಿ ತೊಳೆದಿಟ್ಟ. ಊರಿಗೆ ಬಂದಾಗಿನಿಂದ ಅವನು ನಮ್ಮ ಅಂಗಳ ದಾಟಿರಲಿಲ್ಲ. ಆವತ್ತು, "ನನ್ನ ಓಣಿಗಿ ಹೋಗಿ ಬರ್ತೀನ್ರಿ, ಯಾರರ ಉಳದಾರೇನು ನೋಡ್ತೀನಿ," ಎಂದ. ಗುಂಡನ್ನು ತಡವರಿಸಿ ಹಳೆಯ ಗೂಟಕ್ಕೇ ತೂಗುಹಾಕಿದ. ಬಾಗಿಲಲ್ಲಿ ತಿರುಗಿ, "ಕಲ್ ಆತೂಂ" ಎಂದ.

ಅದೇ ಸಂಜೆ, ಅದೇ ಗೂಟ, ಅದೇ ಮಾತು. ತಡೆಯಲೆಂದು ಕಾಕಾ ಎತ್ತಿದ ಕೈ ಹಾಗೇ ನಿಂತಿತು. ಉರ್ದುವಿನ ಒಂದಕ್ಷರ ಬಾರದ ಚಿಗವ್ವ ಮುಂದೆ ಬಂದಳು.

"ಆತು ಉಸ್ತಾದ, ಕಲ್ ಬರ್ರಿ. ರೊಟ್ಟಿ ಮಾಡಿಟ್ಟಿರ್ತೀನಿ," ಎಂದಳು.

ಮರುದಿನ ನಾನೆದ್ದಾಗ ಕಾಕಾ ಆಗಲೇ ಹೊಸ್ತಿಲ ಮೇಲೆ ಕೂತಿದ್ದರು. ಎದುರಿಗಿದ್ದ ಚಹಾ ಆರಿಹೋಗಿತ್ತು. ಅಂಗಳದಲ್ಲಿ ಆಡು ಉಳಿದ ಕಲ್ಲುಗಳ ಮೇಲೆ ಹತ್ತಿ ಒಂದನ್ನು ಉರುಳಿಸಿದರೆ ಅವರು ಎದ್ದು ನಿಲ್ಲುತ್ತಿದ್ದರು, ಮತ್ತೆ ಕೂಡುತ್ತಿದ್ದರು. ಬಿಸಿಲು ಕಟ್ಟೆಯವರೆಗೆ ಬಂತು. ಗೂಟದ ಗುಂಡು ಗಾಳಿಗೆ ತೂಗಾಡುತ್ತಿತ್ತು, ಅದನ್ನು ನೋಡುವ ಧೈರ್ಯ ಅವರಿಗಿರಲಿಲ್ಲ. ಇಷ್ಟು ವರ್ಷ ಕಾದವರು ಆ ಒಂದು ಬೆಳಗನ್ನು ಕಾಯಲಾರದೆ ಕುಗ್ಗಿ ಕೂತಿದ್ದರು. ಒಳಗೆ ಚಿಗವ್ವ, ಏನೂ ಆಗಿಲ್ಲವೆಂಬಂತೆ ರೊಟ್ಟಿ ಬಡಿಯುತ್ತಿದ್ದಳು. ಆದರೆ ಬಡಿತದ ನಡುವೆ ನಿಲ್ಲಿಸಿ ನಿಲ್ಲಿಸಿ ಕಿವಿಗೊಡುತ್ತಿದ್ದಳು.

ಓಣಿಯ ತಿರುವಿನಲ್ಲಿ ಕೋಲು ಕಲ್ಲಿಗೆ ತಾಗಿದ ಸದ್ದಾಯಿತು. ಆಮೇಲೆ ಇನ್ನೊಮ್ಮೆ, ಇನ್ನೂ ಹತ್ತಿರ.

ಚಿಗವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದು ಕಾಕಾನ ಹೆಗಲು ಹಿಡಿದು ಅಲ್ಲಾಡಿಸಿದಳು.

"ಏಳ್ರೀ, ಎದ್ದು ನೋಡ್ರಿ! ಕಲ್ ಆತು!"